ಒರಸುವ ಮೊದಲು

ಶಹಾಬಾದಿನಲ್ಲಿ ಧೂಳಿಗೆ ತೂಕವಿದೆ.
ಬೆಳಿಗ್ಗೆ ಗುಡಿಸಿದ ಕಟ್ಟೆಯ ಮೇಲೆ
ಮಧ್ಯಾಹ್ನಕ್ಕೆ ಬೆರಳಿಂದ ಹೆಸರು ಬರೆಯಬಹುದು.
ಚಹಾದ ಕೆನೆಯ ಮೇಲೆ, ಲಾರಿಯ ಹಣೆಯ ಮೇಲೆ,
ಬುರ್ಖಾದ ಕಪ್ಪಿನ ಮೇಲೆ, ಎಮ್ಮೆಯ ಬೆನ್ನ ಮೇಲೆ
ಒಂದೇ ಬೂದು: ಪರಸಿ ಕಲ್ಲಿನ ಹಿಟ್ಟು.

ಚಾಂದಪಾಶಾ ಮಾಮಾನ ಸ್ಟುಡಿಯೋ ಸೇರಿದ ಮೊದಲ ವಾರ
ಲೆನ್ಸಿನ ಮೇಲೆ ಆ ಹಿಟ್ಟು ಕಂಡು
ದುಪಟ್ಟಾದ ತುದಿಯಿಂದ ತಿಕ್ಕಿಬಿಟ್ಟೆ,
ಗುಂಡಗೆ, ಜೋರಾಗಿ,
ಹಬ್ಬಕ್ಕೆ ತಾಮ್ರದ ಚರಗಿ ಬೆಳಗಿದಂತೆ.
ನಮ್ಮ ಮನೆಯ ವಿದ್ಯೆ ಅದು.
ಅಪ್ಪ ಪಾಲಿಶ್ ಮಶಿನ್ನಿನ ಆಳು;
ನೀರು ಬಿಟ್ಟು, ಉಜ್ಜಿ ಉಜ್ಜಿ,
ಒರಟು ಹಾಸುಗಲ್ಲಿನಲ್ಲಿ ಮುಖ ಕಾಣಿಸುವವನು.

ಮಾಮಾ ಬೈಯಲಿಲ್ಲ.
ಲೆನ್ಸನ್ನು ಕಿಟಕಿಗೆ ಓರೆಯಾಗಿ ಹಿಡಿದು ಕರೆದ.
ಗಾಜಿನಲ್ಲಿ ಕೂದಲೆಳೆಯಂಥ ಒಂದು ಗೀರು.
"ಅರಿವೀಲೆ ಅಲ್ಲ ಜಗದೇವಿ,
ನೀ ಕಲ್ಲೀಲೆ ತಿಕ್ಕೀದಿ."

ಆಮೇಲೆ ಕಲಿಸಿದ, ಅವಸರವಿಲ್ಲದೆ,
ಎಳೆ ಕೂಸಿಗೆ ಎರೆಯುವುದನ್ನು ಕಲಿಸಿದ ಹಾಗೆ.
ಮೊದಲ ಮಾರಿ ಕೆಳಗ ಮಾಡು. ಲೆನ್ಸಿಂದು, ನಿಂದಲ್ಲ.
ರಬ್ಬರ್ ಬುರುಡಿ ಒತ್ತಿ ಗಾಳಿ ಹೊಡಿ, ನಾಕು ಸಲ, ಐದು ಸಲ.
ಬಾಯೀಲೆ ಊದಬ್ಯಾಡ,
ಮಧ್ಯಾಹ್ನ ಉಂಡ ಪುಂಡಿಪಲ್ಯ ಗಾಜಿನ ಮ್ಯಾಲ ಬರ್ತದ.
ಇನ್ನೂ ಕುಂತಿತ್ತಂದ್ರ ಬ್ರಶ್ಶು. ಅದರ ಕೂದಲಾ ಮುಟ್ಟಿದಿ,
ಬೆರಳಿನ ಎಣ್ಣಿ ಹತ್ತಿತು, ಬ್ರಶ್ಶು ಸತ್ತಂಗ.
ಕಡೀಕ ಅರಿವಿ. ಔಷಧ ಎರಡು ಹನಿ, ಅರಿವಿಗಿ, ಗಾಜಿಗಲ್ಲ;
ಗಾಜಿಗಿ ಬಿಟ್ಟರ ಅಂಚಿನ್ಯಾಗ ಇಳಿದು ಒಳಗ ಹೋಗ್ತದ.
ನಡುವಿಂದ ಸುತ್ತುಕೋತ ಹೊರಗ ಬಾ.
ಹಗೂರ.

"ಮತ್ತ ದಿನಾ ಒರಸಬೇಕೇನು ಮಾಮಾ?"
"ಎಲ್ಲೀದು! ಒರಸದೇ ಇರೋದೇ ದೊಡ್ಡ ಕೆಲಸ.
ಮುಚ್ಚಳ ಹಾಕೋದು ಕಲಿ.
ಲಗ್ನಕ್ಕ ಹೋಗುವಾಗ ಮುಂದ ಒಂದು ಸಾದಾ ಗಾಜು ತಿರುವಿ ಕೂಡಿಸು.
ಅಕ್ಕಿಕಾಳು, ಅತ್ತರು, ಹುಡುಗರ ಮೊಳಕೈ
ಎಲ್ಲಾ ಅದಕ್ಕ ಬೀಳಲಿ."

ಮಳೆಗಾಲದಲ್ಲಿ ಅವನ ಲೆನ್ಸುಗಳು
ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿ ಮಲಗುತ್ತಿದ್ದವು,
ಬೂಟಿನ ಅಂಗಡಿಯಿಂದ ಬೇಡಿ ತಂದ
ಬಿಳಿ ಹರಳಿನ ಪೊಟ್ಟಣಗಳ ಜೊತೆ.
ಒಂದು ಮಾತ್ರ ಹೊರಗೆ, ಬೇರೆ ಕಪಾಟಿನಲ್ಲಿ.
ಅದರ ಒಳಗಾಜಿಗೆ ಬೂಸ್ಟು ಹಿಡಿದು, ಜೇಡ ನೇಯ್ದಂತೆ.
ಉಳಿದವುಗಳ ಹತ್ತಿರ ಬಿಡುತ್ತಿರಲಿಲ್ಲ,
ಎಸೆಯುತ್ತಲೂ ಇರಲಿಲ್ಲ.
"ಮೊದಲನೇ ಲಗ್ನ ಇದರಾಗೇ ತೆಗ್ದೀನಿ" ಅಂದಿದ್ದ, ಒಮ್ಮೆ.

ಗೀರಿನ ಲೆನ್ಸು ನನ್ನ ಪಾಲಿಗೆ ಬಂತು.
ಪಗಾರದಲ್ಲಿ ಹಿಡಿಯಲಿಲ್ಲ.
ನೆರಳಲ್ಲಿ ತೆಗೆದರೆ ಏನೂ ಕಾಣದು.
ಸೂರ್ಯನಿಗೆ ಎದುರಾದರೆ ಮಾತ್ರ
ಚಿತ್ರಕ್ಕೆ ಅಡ್ಡಲಾಗಿ ಒಂದು ಬೆಳಕಿನ ದಾರ.
ಗಿರಾಕಿಗಳು ಅದನ್ನೇ ಬೇಕೆಂದು ಕೇಳಿದ್ದೂ ಉಂಟು.

ಹೋದ ತಿಂಗಳು, ಕಾರ್ಡಿನ ಅರ್ಜಿಗೆ ಫೋಟೋ ಬೇಕಾಗಿ
ಅಪ್ಪ ಕಾರ್ಖಾನೆಯಿಂದ ಸೀದಾ ಬಂದ.
ಹುಬ್ಬು, ರೆಪ್ಪೆ, ಕಿವಿಯ ಮಡಿಕೆ, ಎಲ್ಲ ಬೂದು.
ಹೆಗಲ ಟವೆಲ್ಲಿನಿಂದ ಮುಖ ತಿಕ್ಕಲು ಹೊರಟ.
"ಒರಸಬ್ಯಾಡಪ್ಪಾ, ಮೊದಲ ಝಾಡಿಸು!"
ಬಾಯಿಗೆ ಬಂದೇಬಿಟ್ಟಿತು.
ಅಪ್ಪ ನಕ್ಕ. ನಗು ಕೆಮ್ಮಾಯಿತು.
ಕೆಮ್ಮು ಬಹಳ ಹೊತ್ತು ನಡೆಯಿತು.
ಮಾಮಾ ರಬ್ಬರ್ ಬುರುಡೆಯನ್ನು ಕೈಗೆತ್ತಿಕೊಂಡು,
ಯಾಕೆ ಎತ್ತಿಕೊಂಡೆನೆಂದು ತಿಳಿಯದೆ,
ಮತ್ತೆ ಅಲ್ಲೇ ಇಟ್ಟ.

ನೀರು ಕುಡಿಸಿದೆ.
ಸ್ಟೂಲಿನ ಮೇಲೆ ಕೂತು, ಗದ್ದ ಎತ್ತಿ,
"ಧೂಳು ಕಾಣ್ತದೇನು ಫೋಟೋದಾಗ?" ಅಂದ.
"ಇಲ್ಲಪ್ಪಾ" ಅಂದೆ.
ಮುಚ್ಚಳ ತೆಗೆದೆ.