ನಾಲ್ಕು ಸನ್ನ, ಎರಡು ಬಂಗುಡೆ

ಬೇಳದ ಇಗರ್ಜಿಯಲ್ಲಿ ಪಾಪನಿವೇದನೆಯ ಗೂಡಿಗೆ
ಹೊಸ ಪರದೆ ಬಂತು. ಹಳೆಯದನ್ನು
ಆಪೊಲಿನ್ ಬಾಯಿ ಕೇಳಿ ತಂದಳು,
ಕತ್ತರಿಸಿ ಚೀಲ ಹೊಲಿದಳು, ಹನ್ನೊಂದು.
ಇಷ್ಟು ವರ್ಷ ಊರಿನ ಗುಟ್ಟು ಕೇಳಿ
ಯಾರಿಗೂ ಹೇಳದ ಬಟ್ಟೆ.
ಮೂರು ಸಲ ಒಗೆದರೂ ಧೂಪದ ವಾಸನೆ.

ಮೇಲೆ ಕಸೂತಿ: ಎರಡು ಮೀನು,
ಕಂಡ ಕೂಡಲೇ ಬಂಗುಡೆ ಎನ್ನಬೇಕು, ಹಾಗೆ,
ಬೆನ್ನಿನ ಗೆರೆ ಸಮೇತ; ಕಣ್ಣಿಗೆ
ತೀರಿಹೋದ ಗಂಡನ ಅಂಗಿಯ ಗುಂಡಿ.
ರೊಟ್ಟಿಯ ಜಾಗದಲ್ಲಿ ಸನ್ನ.
"ಗಲಿಲೇಯದ ರೊಟ್ಟಿ ನಾನು ಕಂಡಿದ್ದೇನಾ?"

ಪಾದ್ರಿಗಳು ಬೆರಳಿಟ್ಟು ಎಣಿಸಿದರು.
ಸನ್ನ ನಾಲ್ಕೇ. ಶುಭಸಂದೇಶದಲ್ಲಿ ಐದು.
"ಹಿಡಿಕೆ ಅಡ್ಡ ಬಂತು ಫಾದರ್," ಎಂದಳು. ಅಷ್ಟೇ.

ಐದನೆಯದು ಚೀಲದೊಳಗಿದೆ,
ಕೈಹಾಕಿದವರಿಗೆ ಸಿಗುತ್ತದೆ —
ಇದು ನಾನು ಕಟ್ಟಿದ ಅರ್ಥ.
ಪೂಜೆ ಬಿಟ್ಟ ಮೇಲೆ ಮೆಟ್ಟಿಲಲ್ಲಿ ನಿಂತು
ಬಂದವರಿಗೆಲ್ಲ ಹೇಳಿದೆ. ಹತ್ತು ಖರ್ಚಾದವು.

ಉಳಿದದ್ದು ಹಿಡಿದು ಕುಂಬಳೆ ಮಾರ್ಕೆಟಿಗೆ ಹೋದರೆ
ಮರಿಯುಮ್ಮ ತಕ್ಕಡಿ ಬಿಟ್ಟು ಚೀಲ ನೋಡಿದಳು.
"ಎರಡೇ ಮೀನಾ? ಮನೆಯಲ್ಲಿ ಎಷ್ಟು ಜನ?"
ಐದು ಸಾವಿರ, ಎಂದೆ ತಮಾಷೆಗೆ.
ಅವಳು ನಗಲಿಲ್ಲ.
ತೂಗಿದ್ದರ ಮೇಲೆ ಇನ್ನೊಂದು ಎಸೆದು
"ಆದರೂ ಸಾಕಾಗಲಿಕ್ಕಿಲ್ಲ," ಎಂದಳು,
ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಬಸ್ಸಿನಲ್ಲಿ ಮೀನಿನ ನೀರು ಸೋರಿ
ಮಡಿಲು ಒದ್ದೆ. ಧೂಪದ ವಾಸನೆ ಹೋಯಿತು,
ನನ್ನ ಅರ್ಥವೂ ಒಂದಿಷ್ಟು.
ಆಪೊಲಿನ್ ಬಾಯಿಗೆ ಹೇಳಬೇಕು,
ಮುಂದಿನ ಸಲ ಅಸ್ತರು ಹಾಕಲಿ.