ಬಾಕಿ ಇಲ್ಲ

ಹನ್ನೊಂದು ವರ್ಷದ ಮೇಲೆ ಕೋಡಿಬಾಗದಲ್ಲಿ ಬಸ್ಸಿಳಿದೆ.
ಕೈಯಲ್ಲಿ ಒಂದು ಹಾಳೆ, ಏಳು ಖಾನೆ,
ಏಳು ಸಹಿ ಬಿದ್ದರೆ ನನ್ನ ಅಂಕಪಟ್ಟಿ ನನಗೆ.
ಅದು ಇಲ್ಲಿನ ಕಬ್ಬಿಣದ ಕಪಾಟಿನಲ್ಲಿ
ಮುಗಿಯದ ನನ್ನ ಪ್ರಬಂಧದ ಮಗ್ಗುಲಿಗೆ ಮಲಗಿದೆ.
ಮೀನುಗಾರ್ತಿಯರ ಸಂಘದಲ್ಲೊಂದು ಹುದ್ದೆ ಇದೆ,
ಮೂಲ ಪ್ರತಿ ತೋರಿಸಬೇಕಂತೆ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಗಡ್ಡೆ ಎಣಿಸಿದ ವರ್ಷಗಳನ್ನು ಯಾರೂ ಕೇಳಿಲ್ಲ.

ಗ್ರಂಥಾಲಯದ ಕಲ್ಪನಾ ಪೆಡ್ನೇಕರ
ಕನ್ನಡಕದ ಮೇಲಿಂದ ನೋಡಿದರು:
"ಬೆಳಚಿನ ಹುಡುಗಿ ಅಲ್ಲವಾ ನೀನು?"
ಹೌದು. ಕಾಳಿಯ ಅಳಿವೆಯಲ್ಲಿ, ಮೊಣಕಾಲುದ್ದ ಕೆಸರಲ್ಲಿ
ಬೆಳಚಿನ ಚಿಪ್ಪಿನ ಗೆರೆ ಎಣಿಸುತ್ತಿದ್ದವಳು.
ಫೆಲೋಶಿಪ್ ನಿಂತ ತಿಂಗಳು
ಸದಾಶಿವಗಡದ ಬಾಡಿಗೆ ಕೋಣೆ ಬಿಟ್ಟು
ಯಾರಿಗೂ ಹೇಳದೆ ಹೋದವಳು.
ಸಂಸ್ಕೃತ ಎಂಎ ಮಾಡಿ ಮೂರು ತಿಂಗಳ ದಿನಗೂಲಿಗೆ ಬಂದ ಈಕೆ
ಇಪ್ಪತ್ತೊಂಬತ್ತು ವರ್ಷದಿಂದ
ಏಡಿ ಸೀಗಡಿಗಳ ಲ್ಯಾಟಿನ್ ಹೆಸರುಗಳನ್ನು
ವಿಭಕ್ತಿ ತಪ್ಪದ ಹಾಗೆ ಬೀರುವಿನಲ್ಲಿ ಜೋಡಿಸಿದ್ದಾರೆ.
ಸಹಿ ಹಾಕಿದರು. ದಂಡ ನೂರಾ ಹತ್ತು ರೂಪಾಯಿ.

ನನ್ನ ಗೈಡ್ ಶಾನಭಾಗ ಸರ್ ಇಲ್ಲ,
ಧಾರವಾಡದಲ್ಲಿ ಮೀಟಿಂಗು.
ಬಂಡೆಗಂಟುವ ಬಾರ್ನಕಲ್ ಅವರ ವಿಷಯ:
"ಎಳೆಯದಿರುವಾಗ ಬೇಕಾದಲ್ಲಿ ಈಜುತ್ತದೆ ರೀ,
ಒಂದು ದಿನ ಜಾಗ ಹಿಡಿದು ತಲೆಯನ್ನೇ ಅಂಟಿಸಿಬಿಡುತ್ತದೆ,
ಆಮೇಲೆ ಜನ್ಮವಿಡೀ ಕಾಲಲ್ಲಿ ಉಣ್ಣುವುದು."
ನಾವು ನಗುತ್ತಿದ್ದೆವು, ಅವರೂ.
ಈಗ ಅವರ ಕುರ್ಚಿಗೆ ಗಾಲಿ ಇದೆ,
ಫೈಲುಗಳು ತಾವಾಗಿ ಬರುತ್ತವೆ.

ನೀರಿನ ಉಪ್ಪಳೆಯುತ್ತಿದ್ದ ಝುಲೇಖಾ ಮುಲ್ಲಾ
ಹುಬ್ಬಳ್ಳಿಯ ಜಿಎಸ್‌ಟಿ ಕಚೇರಿಯಲ್ಲಿ.
"ಉಪ್ಪಿಗೆ ತೆರಿಗೆ ಇಲ್ಲ ಮಾರಾಯ್ತಿ" ಎಂದು
ಫೋನಿನಲ್ಲಿ ನಗುತ್ತಾಳೆ.
ಸಮುದ್ರಹಾವಿನ ಬೆನಿತ್
ಕುಮಟೆಯ ಸೀಗಡಿ ಕೆರೆಗಳಿಗೆ ಪಂಪು ಮಾರುತ್ತಾನೆ,
ಚೆನ್ನಾಗಿದ್ದಾನೆ.
ನಾಗವೇಣಿ ಮಾತ್ರ ಇಲ್ಲೇ,
ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ.
ಬೇಸಿಗೆಗೆ ಸಂಬಳವಿಲ್ಲ. ಆದರೂ ಚಹಾ ತಾನೇ ತರಿಸಿದಳು,
ನನಗೆ ದುಡ್ಡು ತೆಗೆಯಲು ಬಿಡಲಿಲ್ಲ.
ನನ್ನ ಹಾಳೆ ತಿರುಗಿಸಿ ಮುರುಗಿಸಿ ನೋಡಿದಳು,
ಅದರಲ್ಲಿ ಅವಳು ಸಹಿ ಹಾಕುವ ಖಾನೆಯಿಲ್ಲ.

ಆಮೇಲೆ ಪ್ರಯೋಗಾಲಯ. ಫಾರ್ಮಲಿನ್ ವಾಸನೆ ಹಾಗೇ ಇದೆ,
ಪುರ್ಸು ಹರಿಕಂತ್ರನ ಕೂದಲು ಮಾತ್ರ ಬೆಳ್ಳಗೆ.
ಮ್ಯಾಟ್ರಿಕ್ ಫೇಲು. ಆದರೆ ಒಂದು ಹನಿ ನೀರಲ್ಲಿ
ಯಾರು ಗಂಡು, ಯಾರು ಬಸುರಿ,
ಯಾರು ಈ ಮಳೆಗೆ ಹೊಸಬರು
ಅವನೇ ಹೇಳಬೇಕು.
ಮೂವತ್ತೆರಡು ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ,
ಕಡೆಯ ಸಾಲಿನಲ್ಲಿ, ಅವನ ಹೆಸರು
ನಾಲ್ಕು ಬಗೆಯ ಕಾಗುಣಿತದಲ್ಲಿ.

ಸ್ಟಾಕ್ ಪುಸ್ತಕ ತೆರೆದ. ನನ್ನ ಹೆಸರಿನ ಮುಂದೆ:
ವರ್ನಿಯರ್ ಕ್ಯಾಲಿಪರ್, ಒಂದು.
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.
ಇಲಾಖೆಯ ಕೆಂಪು ನಂಬರು ಅರ್ಧ ಅಳಿಸಿದೆ,
ತಿರುಪು ಮಾತ್ರ ಎಣ್ಣೆ ಕುಡಿದು ಹಗುರ.
ಎತ್ತಿ ನೋಡಿದ. "ಬಳಸ್ತೀಯಾ ಇನ್ನೂ?"

ಬಳಸುತ್ತೇನೆ. ಬೆಳಚು ಹೆಕ್ಕುವ ಹೆಂಗಸರು
ಸಂಜೆ ಐಸಿಗೆಂದು ಬಂದಾಗ
ಬುಟ್ಟಿಯಿಂದ ಒಂದೊಂದು ಎತ್ತಿ ಅಳೆಯುತ್ತೇನೆ, ಬರೆದಿಡುತ್ತೇನೆ.
ಯಾರಿಗೆ ಎಂದು ಗೊತ್ತಿಲ್ಲ.
ಎಂಟು ನೋಟುಬುಕ್ಕಾಗಿದೆ.

ಪುರ್ಸು ಕಿಟಕಿಯಾಚೆ ನೋಡಿದ. ಭರತಿ ಏರುತ್ತಿತ್ತು.
ಪೆನ್ನು ತೆಗೆದು ಪುಸ್ತಕದಲ್ಲಿ ನಿಧಾನ ಬರೆದ:
"ಉಪ್ಪು ತಿಂದು ಹೋಗಿದೆ."
ಕ್ಯಾಲಿಪರನ್ನು ನನ್ನ ಚೀಲದೊಳಗೆ ತಾನೇ ಹಾಕಿದ.

ಏಳನೆಯ ಖಾನೆ: ದೋಣಿ.
ದೋಣಿ ಹಿತ್ತಲಲ್ಲಿ ಬೋರಲು, ಅಡಿಗೆ ಯಾರದೋ ಕೋಳಿ;
ನಡೆಸುವ ಹುದ್ದೆ ರದ್ದಾಗಿ ಆರು ವರ್ಷ.
ಹಾಗಾದರೆ ಯಾರು ಸಹಿ ಹಾಕಬೇಕು?
ಗುಮಾಸ್ತ ತಲೆ ಕೆರೆದ. ಗುರುವಾರ ಬಾ ಅಂದ.

ಗುರುವಾರ ಅಮಾವಾಸ್ಯೆ, ದೊಡ್ಡ ಇಳಿತ.
ಬುಟ್ಟಿಗಳು ತುಂಬಿ ಬರುತ್ತವೆ.
ಶುಕ್ರವಾರ ಬರುತ್ತೇನೆ ಅಂದೆ.