ಮೀಟರು ಓದುವವನು

ಗ್ಯುಮ್ರಿಯಲ್ಲಿ ಜನವರಿಯೆಂದರೆ
ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುವ ತಿಂಗಳು.
ಕೈಗವಸಿನ ತುದಿ ಕತ್ತರಿಸಿಕೊಂಡು
ಮನೆಮನೆಯ ಕರೆಂಟು ಮೀಟರು ಓದುತ್ತೇನೆ ನಾನು.
ಹೆಸರು ಮರೆಯುತ್ತೇನೆ, ಅಂಕಿ ಮರೆಯುವುದಿಲ್ಲ.
ಎರಡನೇ ಮಹಡಿಯ ಹಲ್ಲಿನ ಡಾಕ್ಟರು ನಾನೂರ ಹತ್ತು,
ಎದುರುಮನೆಯ ಹೊಸ ಮದುಮಕ್ಕಳು ಇನ್ನೂರ ಅರವತ್ತು,
ಅವರ ಹೀಟರಿಗೆ ಹಗಲಿಲ್ಲ ರಾತ್ರಿಯಿಲ್ಲ.
ನಾಲ್ಕನೇ ಮಹಡಿಯ ವಾರ್ದುಹಿ ಅಜ್ಜಿ
ಹನ್ನೊಂದು.

ಹನ್ನೊಂದೇ?
ಕಚೇರಿಯಲ್ಲಿ ಸುರೇನ್ ಕನ್ನಡಕ ಹಣೆಗೇರಿಸಿದ:
"ಹನ್ನೊಂದರಲ್ಲಿ ಇಲಿಯೂ ಸಂಸಾರ ಮಾಡಲಾರದು.
ಮುದುಕಿ ಅಯಸ್ಕಾಂತ ಅಂಟಿಸಿರುತ್ತಾಳೆ, ಹೋಗಿ ನೋಡು."

ಹೋದೆ. ಟಾರ್ಚು ಹಿಡಿದು ಮೀಟರಿನ ಬೆನ್ನು ತಡವಿದೆ,
ಮೊಹರು ನೋಡಿದೆ, ತಂತಿಯ ಮೇಲೆ ಬೆರಳಾಡಿಸಿದೆ.
ಸಿಕ್ಕಿದ್ದು ಒಂದು ಜೇಡ,
ಅದೂ ಸತ್ತದ್ದು.

"ಹುಡುಕಿ ಮುಗಿಯಿತಾ? ಕೂರು."
ಕುಡಿಯುವ ಬಟ್ಟಲಲ್ಲೇ ನೀರನ್ನು ಅಳೆದು
ಕಾಫಿಗಿಟ್ಟಳು, ಒಂದು ಹನಿ ಹೆಚ್ಚಿಲ್ಲ.
ತಗಡಿನ ಒಲೆಯಲ್ಲಿ ಉರಿಯುತ್ತಿದ್ದದ್ದು ಜರ್ದಾಳು ಬೀಜದ ಚಿಪ್ಪು.
ಬೇಸಿಗೆಯಲ್ಲಿ ಇಡೀ ಬೀದಿ ತಿಂದು ಉಗಿದದ್ದನ್ನು
ಸೆರಗಿಲ್ಲದ ಈಕೆ ಏಪ್ರನ್ನಿಗೆ ಆರಿಸಿಕೊಂಡಿದ್ದಳು.
ಗೂಡಿನಲ್ಲಿ ರಟ್ಟಿನಂತೆ ಪೇರಿಸಿದ ಲಾವಾಶ್ ರೊಟ್ಟಿ,
ಅಕ್ಟೋಬರಿನಲ್ಲಿ ಸುಟ್ಟದ್ದು.
ಒಂದು ಹಾಳೆ ತೆಗೆದು ನೀರು ಚಿಮುಕಿಸಿ
ಬಟ್ಟೆಯಲ್ಲಿ ಸುತ್ತಿಟ್ಟಳು, ಕೂಸಿನ ಹಾಗೆ.
ನಾವು ಎರಡು ಮಾತಾಡುವಷ್ಟರಲ್ಲಿ
ಅದು ಮೆತ್ತಗಾಗಿ ಮೈಮುರಿಯಿತು.

"ಈ ಕಾಲುಚೀಲ," ಅಂದಳು ಪಾದ ಚಾಚಿ,
"ಮೊದಲು ನನ್ನ ಗಂಡನ ಸ್ವೆಟರು.
ಆಮೇಲೆ ಟೋಪಿಯಾಗಿತ್ತು, ಅದು ಯಾರಿಗೂ ಒಪ್ಪಲಿಲ್ಲ."
ನಕ್ಕಳು. ಹಲ್ಲುಗಳಲ್ಲೂ ಉಳಿತಾಯವೇ.

"ಸಂಜೆ ದೀಪಕ್ಕೇನು ಮಾಡುತ್ತೀರಿ?"
"ಕಿಟಕಿಯಾಚೆ ಇಷ್ಟು ಹಿಮ ಬಿದ್ದಿದೆಯಲ್ಲ,
ಬೀದಿದೀಪ ಅದರ ಮೇಲೆ ಕಾಲೂರಿ ಒಳಗೆ ಬರುತ್ತದೆ.
ಹೆಣೆಯುವುದಕ್ಕೆ ಕಣ್ಣೇಕೆ, ಬೆರಳಿದೆ."

ಮತ್ತೆ ಆ ಕತ್ತಲ ಚಳಿಗಾಲಗಳ ಮಾತು ಬಂತು.
ದಿನಕ್ಕೊಂದು ತಾಸು ಕರೆಂಟು,
ಅದು ಯಾವ ತಾಸೆಂದು ಯಾರಿಗೂ ಗೊತ್ತಿಲ್ಲ.
ನೀರಿನ ಬಕೀಟು ಹೊತ್ತು ಮೆಟ್ಟಿಲೇರುವಾಗ
ಮೂರನೇ ತಿರುವಿನಲ್ಲಿ ಯಾರೋ ಜಾರಿದ್ದಳಂತೆ.
ಬೆಳಗಿನವರೆಗೂ ಅಲ್ಲೇ ಬಿದ್ದಿದ್ದಳಂತೆ.
ಯಾರೆಂದು ಬಾಯಿ ಹೇಳಲಿಲ್ಲ.
ಬಟ್ಟಲು ತೊಳೆಯಲು ಎದ್ದಾಗ
ಎಳೆದು ಹಾಕಿದ ಎಡಗಾಲು ಹೇಳಿತು.

ಐದಕ್ಕೇ ಕತ್ತಲು. ಹೊರಟೆ.
ಬಾಗಿಲು ಮುಚ್ಚಿದ ಬೆನ್ನಿಗೇ ಒಳಗೆ ಟಕ್ ಎಂದಿತು.
ಹೊರಗೆ, ಮೆಟ್ಟಿಲ ನೆತ್ತಿಯ ಮೇಲೆ
ಬಲ್ಬೊಂದು ಹೊತ್ತಿಕೊಂಡಿತು.
ಅದರ ತಂತಿ ಅವಳ ಚೌಕಟ್ಟಿನ ತೂತಿನೊಳಗೆ ಹೋಗಿತ್ತು,
ನಾನು ನೋಡದೆ ದಾಟಿದ್ದ ತೂತು.

ಅಂಕಿ ಬಲ್ಲವನಿಗೆ ಲೆಕ್ಕ ತಾನಾಗಿ ಬರುತ್ತದೆ.
ಇಪ್ಪತ್ತೈದು ವಾಟು, ರಾತ್ರಿಗೆ ಹನ್ನೊಂದು ತಾಸು,
ಮೂವತ್ತು ರಾತ್ರಿ: ಎಂಟು ಚಿಲ್ಲರೆ.
ಅವಳ ಪಾಲಿಗೆ ಉಳಿದದ್ದು ಮೂರೂ ತುಂಬದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ಈಕೆ ಇದ್ದ ಹಾಸಿಗೆಯಲ್ಲೂ ಕಾಲು ಮಡಚಿಕೊಂಡು
ಮಿಕ್ಕಿದ್ದನ್ನು ಮೆಟ್ಟಿಲಿಗೆ ಹಾಸಿದ್ದಾಳೆ,
ನಾನೂರ ಹತ್ತರವನೂ ಅದನ್ನು ತುಳಿದೇ ಮನೆಗೆ ಹೋಗುತ್ತಾನೆ.

ಸುರೇನ್‌ಗೆ ಏನು ಬರೆಯಲಿ?
'ಮೀಟರು ಸರಿಯಿದೆ' ಅಂತ ಬರೆದೆ, ಮೂರನೇ ತಿರುವಿನಲ್ಲಿ ನಿಂತು,
ಅವಳದೇ ಬೆಳಕಿನಲ್ಲಿ.
ಆಮೇಲೆ ಕೈಯಲ್ಲಿ ಸುಮ್ಮನೆ ಉರಿಯುತ್ತಿದ್ದ ಟಾರ್ಚು ಕಂಡಿತು.
ಆರಿಸಿದೆ.
ಬ್ಯಾಟರಿ ಉಳಿಯಲಿ.